ದೊಡ್ಡ ಪಠ್ಯ ಫೈಲು ಡೇಟಾಬೇಸಿಗೆ ಸರಿಯಾಗಿ ಇಳಿಯದಿದ್ದಾಗ

ಮಲೆನಾಡಿನ ಅಡಿಕೆ ಸಹಕಾರ ಸಂಘಗಳಲ್ಲಿ, ಮಳೆ ಲೆಕ್ಕ ಇಡುವ ಕಚೇರಿಗಳಲ್ಲಿ, ಪತ್ತಿನ ಸಂಘಗಳಲ್ಲಿ ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋಗುವ ಕೆಲಸ ನಡೆಯುತ್ತಲೇ ಇರುತ್ತದೆ. ಹಳೆಯದರಿಂದ ದಾಖಲೆಗಳು ಹೊರಬರುವುದು ಸಾಮಾನ್ಯವಾಗಿ ಒಂದೇ ರೂಪದಲ್ಲಿ: ಅಲ್ಪವಿರಾಮದಿಂದಲೋ ಟ್ಯಾಬ್‌ನಿಂದಲೋ ಬೇರ್ಪಡಿಸಿದ ದೊಡ್ಡ ಪಠ್ಯ ಫೈಲು. ಅದನ್ನು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ತುಂಬುವಾಗ ಬರುವ ತೊಂದರೆಗಳನ್ನು ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಇಂಥ ಕೆಲಸಕ್ಕೆ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದರಿಂದ ಉದಾಹರಣೆಗಳು ಇಲ್ಲಿಯವೇ.

ಮೊದಲು ದೋಷ ಯಾವ ಜಾತಿಯದು ಎಂದು ಗುರುತಿಸಿ. ತುಂಬುವ ಕೆಲಸ ಅರ್ಧಕ್ಕೆ ನಿಂತು ದೋಷ ಸಂದೇಶ ಬರಬಹುದು. ನಿಲ್ಲದೆ, ಆದರೆ ಮುಗಿಯದೆ ಗಂಟೆಗಟ್ಟಲೆ ಎಳೆಯಬಹುದು. ಮೂರನೆಯದರಲ್ಲಿ ಎಲ್ಲವೂ ಸುಸೂತ್ರವಾಗಿ ಮುಗಿದಂತೆ ಕಂಡು, ಒಳಗೆ ಹೋದ ಲೆಕ್ಕ ಮಾತ್ರ ತಪ್ಪಾಗಿರುತ್ತದೆ. ಮೊದಲ ಎರಡು ತಾವಾಗಿಯೇ ಗಮನ ಸೆಳೆಯುತ್ತವೆ. ಮೂರನೆಯದು ಯಾವುದೋ ಬೆಳೆಗಾರನ ಖಾತೆಯಲ್ಲಿ ಎರಡು ಕ್ವಿಂಟಾಲ್ ಕಡಿಮೆ ತೋರಿಸಿದಾಗ ಮಾತ್ರ ಹೊರಬೀಳುತ್ತದೆ, ಅಷ್ಟರಲ್ಲಿ ಮೂಲ ಫೈಲು ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ಈ ಬರಹದ ಬಹುಭಾಗ ಅದಕ್ಕೇ ಮೀಸಲು.

ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ

ಒಳಗೇನಿದೆ ಎಂದು ನೋಡಲು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ಅಭ್ಯಾಸಬಲದಿಂದ ಸೇವ್ ಮಾಡುವುದು ಅನೇಕ ದೋಷಗಳ ಮೂಲ. ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಫೈಲನ್ನು ತೆರೆದು ಸೇವ್ ಮಾಡಿದರೆ ಉಳಿದದ್ದು ಹೋಯಿತು. ಹದಿನೈದಕ್ಕಿಂತ ಹೆಚ್ಚು ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಸಂಖ್ಯೆಯ ಆರಂಭದ ಸೊನ್ನೆಗಳು ಅಳಿಯುತ್ತವೆ. ನಮ್ಮಲ್ಲಿ ಹೆಚ್ಚು ನೋವು ಕೊಡುವುದು ಸರ್ವೆ ನಂಬರ್. 12/3 ಎಂಬ ಸರ್ವೆ ಮತ್ತು ಹಿಸ್ಸಾ ಸಂಖ್ಯೆಯನ್ನು ಎಕ್ಸೆಲ್ ದಿನಾಂಕ ಎಂದು ತಿಳಿಯುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ ಅದು ಮಾರ್ಚ್ 12 ಆಗಬಹುದು, ಡಿಸೆಂಬರ್ 3 ಆಗಬಹುದು. 45/2 ದಿನ-ತಿಂಗಳಿಗೆ ಹೊಂದದ ಕಾರಣ ಹಾಗೇ ಉಳಿಯುತ್ತದೆ. ಹೀಗೆ ಒಂದೇ ಕಾಲಂನಲ್ಲಿ ಅರ್ಧ ಕೆಟ್ಟು ಅರ್ಧ ಸರಿ ಇದ್ದರೆ ಫೈಲು ದಾರಿಯಲ್ಲಿ ಎಕ್ಸೆಲ್ ಮೂಲಕ ಹಾದು ಬಂದಿದೆ ಎಂದೇ ತಿಳಿಯಿರಿ. ಅದನ್ನು ರಿಪೇರಿ ಮಾಡುತ್ತಾ ಕೂರದೆ ಮೂಲ ತಂತ್ರಾಂಶದಿಂದ ಮತ್ತೊಮ್ಮೆ ತೆಗೆಸಿಕೊಳ್ಳಿ.

ನೋಡುವುದಕ್ಕೆ ಲಿನಕ್ಸ್‌ನ ಸಣ್ಣ ಆಜ್ಞೆಗಳು ಸಾಕು. 'ಹೆಡ್' ಮೊದಲ ಸಾಲುಗಳನ್ನೂ 'ಟೇಲ್' ಕೊನೆಯ ಸಾಲುಗಳನ್ನೂ ತೋರಿಸುತ್ತದೆ. 'ಡಬ್ಲ್ಯೂಸಿ' ಸಾಲುಗಳನ್ನು ಎಣಿಸುತ್ತದೆ. ಕೊನೆಯ ಸಾಲಿನ ತುದಿಯಲ್ಲಿ ಹೊಸ ಸಾಲಿನ ಗುರುತು ಇಲ್ಲದಿದ್ದರೆ ಅದರ ಎಣಿಕೆ ಒಂದು ಕಡಿಮೆ ಬರುತ್ತದೆ. ಬಂದ ಎಣಿಕೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ.

ಬಾಗಿಲಲ್ಲೇ ತಡೆದರೆ

ಪೋಸ್ಟ್‌ಗ್ರೆಸ್‌ನಲ್ಲಿ 'ಪರ್ಮಿಷನ್ ಡಿನೈಡ್' ಅಥವಾ ಫೈಲೇ ಇಲ್ಲ ಎಂಬ ಸಂದೇಶ ಬಂದರೆ, ಫೈಲಿನಿಂದ ಟೇಬಲಿಗೆ ತುಂಬುವ 'ಕಾಪಿ' ಆಜ್ಞೆ ಫೈಲನ್ನು ಎಲ್ಲಿ ಹುಡುಕುತ್ತಿದೆ ಎಂದು ನೋಡಿ. ಅದು ಓದುವುದು ಸರ್ವರ್ ಯಂತ್ರದ ಡಿಸ್ಕಿನಿಂದ, ಡೇಟಾಬೇಸ್ ನಡೆಸುವ ಬಳಕೆದಾರನ ಹೆಸರಿನಲ್ಲಿ. ನಿಮ್ಮ ಲ್ಯಾಪ್‌ಟಾಪಿನ ಫೈಲು ಅದಕ್ಕೆ ಕಾಣುವುದಿಲ್ಲ. ನಿಮ್ಮ ಯಂತ್ರದಿಂದಲೇ ಕಳಿಸಬೇಕಿದ್ದರೆ ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ 'ಪಿಎಸ್‌ಕ್ಯೂಎಲ್' ತಂತ್ರಾಂಶದೊಳಗಿನ, ಆರಂಭದಲ್ಲಿ ಬ್ಯಾಕ್‌ಸ್ಲ್ಯಾಶ್ ಇರುವ 'ಕಾಪಿ' ಬಳಸಿ. ಅದನ್ನು ಪೂರ್ತಿ ಒಂದೇ ಸಾಲಿನಲ್ಲಿ ಬರೆಯಬೇಕು. ಎರಡು ಸಾಲಿಗೆ ಮುರಿದರೆ ಅರ್ಥವಾಗದ ವ್ಯಾಕರಣ ದೋಷ ಬರುತ್ತದೆ.

ಮೈಎಸ್‌ಕ್ಯೂಎಲ್ 8.0 ರಿಂದ ಈಚೆಗೆ, ನಿಮ್ಮ ಯಂತ್ರದ ಫೈಲನ್ನು ತುಂಬುವ 'ಲೋಡ್ ಡೇಟಾ ಲೋಕಲ್' ಸೌಲಭ್ಯ ಡೀಫಾಲ್ಟ್ ಆಗಿ ಮುಚ್ಚಿರುತ್ತದೆ. ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ತೆರೆಯಬೇಕು. 'ಲೋಕಲ್' ಇಲ್ಲದೆ ಓದಿಸುವುದಾದರೆ ಸರ್ವರಿನ 'ಸೆಕ್ಯೂರ್ ಫೈಲ್ ಪ್ರಿವ್' ಸೆಟ್ಟಿಂಗ್ ಸೂಚಿಸುವ ಡೈರೆಕ್ಟರಿಯಲ್ಲಿ ಫೈಲು ಇರಬೇಕು.

ಅಕ್ಷರಗಳ ತಕರಾರು

'ಇನ್‌ವ್ಯಾಲಿಡ್ ಬೈಟ್ ಸೀಕ್ವೆನ್ಸ್' ಎಂಬ ಸಂದೇಶ ಬಂದರೆ ಫೈಲು ಯುಟಿಎಫ್-8 ರೂಪದಲ್ಲಿ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಈಗಿನ ರೂಢಿಯ ಎನ್‌ಕೋಡಿಂಗ್‌ನಲ್ಲಿ, ಇಲ್ಲ ಎಂದರ್ಥ. ಇಲ್ಲಿ ಅನೇಕರು ಅಂತರ್ಜಾಲದಲ್ಲಿ ಸಿಕ್ಕ ಸಲಹೆಯಂತೆ ಎನ್‌ಕೋಡಿಂಗ್ ಅನ್ನು ಯುರೋಪಿಯನ್ ಭಾಷೆಗಳ ಲ್ಯಾಟಿನ್-1 ಎಂದು ಬದಲಿಸುತ್ತಾರೆ. ದೋಷ ಸಂದೇಶ ಹೋಗುತ್ತದೆ, ಏಕೆಂದರೆ ಲ್ಯಾಟಿನ್-1 ಹೆಚ್ಚುಕಡಿಮೆ ಯಾವ ಬೈಟನ್ನು ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಕನ್ನಡ ಹೆಸರುಗಳು ಮಾತ್ರ ಕಸವಾಗಿ ಒಳಗೆ ಕೂರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲು ನಿಜವಾಗಿ ಯಾವ ರೂಪದಲ್ಲಿದೆ ಎಂದು ಮೊದಲು ತಿಳಿಯಿರಿ.

ಕರ್ನಾಟಕದ ಹಳೆಯ ದಾಖಲೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳನ್ನು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಈ ಫಾಂಟ್‌ಗಳಲ್ಲಿ ಕನ್ನಡ ಇರುವುದು ಪರದೆಯ ಮೇಲೆ ಮಾತ್ರ. ಫೈಲಿನೊಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ಯುರೋಪಿಯನ್ ಚಿಹ್ನೆಗಳ ಬೈಟ್‌ಗಳು. ಅಲ್ಲಲ್ಲಿ ದೊಡ್ಡಕ್ಷರದ ಇಂಗ್ಲಿಷ್, ನಡುವೆ ಮೇಲೆ ಚುಕ್ಕೆ ಗೆರೆ ಹೊತ್ತ 'ಎ', 'ಇ' ಕಂಡರೆ ಅದು ಇಂಥ ಪಠ್ಯ. ಇದನ್ನು ಎನ್‌ಕೋಡಿಂಗ್ ಬದಲಿಸಿ ಸರಿಪಡಿಸಲಾಗದು, ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವೇ ಬೇಕು. ಪರಿವರ್ತನೆಯನ್ನು ಇಡೀ ಫೈಲಿನ ಮೇಲೆ ಹರಿಸಬೇಡಿ. ನಿಜವಾಗಿಯೂ ಇಂಗ್ಲಿಷ್‌ನಲ್ಲಿರುವ ಕಾಲಂಗಳು, ಉದಾಹರಣೆಗೆ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ, ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಹೆಸರು, ತಂದೆಯ ಹೆಸರು, ಗ್ರಾಮ ಇಂಥ ಕಾಲಂಗಳನ್ನಷ್ಟೇ ಆರಿಸಿ ಪರಿವರ್ತಿಸಿ.

ವಿಂಡೋಸ್‌ನ ಹಳೆಯ ನೋಟ್‌ಪ್ಯಾಡಿನಲ್ಲಿ 'ಯೂನಿಕೋಡ್' ಎಂದು ಸೇವ್ ಮಾಡಿದ ಫೈಲು ಯುಟಿಎಫ್-16 ಆಗಿರುತ್ತದೆ. ಪೋಸ್ಟ್‌ಗ್ರೆಸ್ ಅದನ್ನು ಓದುವುದಿಲ್ಲ, 'ಐಕಾನ್ವ್' ಆಜ್ಞೆಯಿಂದ ಯುಟಿಎಫ್-8ಕ್ಕೆ ತಂದರೆ ಸಾಕು. ಯುಟಿಎಫ್-8 ಆಗಿದ್ದರೂ ಫೈಲಿನ ತಲೆಯಲ್ಲಿ ಎನ್‌ಕೋಡಿಂಗ್ ಸೂಚಿಸುವ, ಕಣ್ಣಿಗೆ ಕಾಣದ 3 ಬೈಟ್‌ಗಳ ಬಿಒಎಂ ಗುರುತು ಇರಬಹುದು. ಮೊದಲ ಸಾಲಿನ ಮೊದಲ ಕಾಲಂ ಸಂಖ್ಯೆಯಾಗಿದ್ದು, ಕಣ್ಣಿಗೆ ಸರಿಯಾಗಿಯೇ ಕಾಣುವ ಸಂಖ್ಯೆಯನ್ನು ಡೇಟಾಬೇಸ್ ಒಪ್ಪದಿದ್ದರೆ ಕಾರಣ ಇದೇ.

ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಟೇಬಲ್ ಇನ್ನೂ ಲ್ಯಾಟಿನ್-1 ರಲ್ಲಿದೆಯೇ ನೋಡಿ, 8.0 ಕ್ಕಿಂತ ಹಿಂದಿನ ಆವೃತ್ತಿಗಳ ಡೀಫಾಲ್ಟ್ ಅದೇ ಆಗಿತ್ತು. ಸಂಪರ್ಕದ ಕ್ಯಾರೆಕ್ಟರ್ ಸೆಟ್ ಹೇಳುವ 'ಸೆಟ್ ನೇಮ್ಸ್' ಬರೆದರೂ 'ಲೋಡ್ ಡೇಟಾ' ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೈಲಿನ ಕ್ಯಾರೆಕ್ಟರ್ ಸೆಟ್ ಯಾವುದೆಂದು ಆ ಆಜ್ಞೆಯೊಳಗೇ ಬರೆಯಬೇಕು.

ಎರಡು ಇಂಚಿನ ಪೈಪು ನುಂಗಿದ ಸಾಲುಗಳು

ಸಂಘಗಳು ಅಡಿಕೆ ಕೊಳ್ಳುವುದರ ಜೊತೆಗೆ ಸದಸ್ಯರಿಗೆ ಮೈಲುತುತ್ತ, ಸುಣ್ಣ, ಗೊಬ್ಬರ, ಪೈಪುಗಳನ್ನೂ ಮಾರುತ್ತವೆ. ಸರಕಿನ ವಿವರದಲ್ಲಿ ಗುಮಾಸ್ತರು ಪೈಪಿನ ಅಳತೆಯನ್ನು 2" ಎಂದು ಬರೆದಿರುತ್ತಾರೆ. ಆ ಜೋಡಿ ಉದ್ಧರಣ ಚಿಹ್ನೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲು) ಓದುವ ಯಂತ್ರಕ್ಕೆ ಇಂಚಾಗಿ ಕಾಣುವುದಿಲ್ಲ. ಪೋಸ್ಟ್‌ಗ್ರೆಸ್ ಉದ್ಧರಣ ಚಿಹ್ನೆ ಕಾಲಂನ ನಡುವೆ ಬಂದರೂ ಅಲ್ಲಿಂದ ಉದ್ಧರಣೆ ಶುರುವಾಯಿತು ಎಂದು ತಿಳಿಯುತ್ತದೆ, ಅದು ಮುಚ್ಚುವವರೆಗೆ ಬರುವ ಅಲ್ಪವಿರಾಮ, ಹೊಸ ಸಾಲು ಎಲ್ಲವನ್ನೂ ಅದೇ ಕಾಲಂನೊಳಗೆ ಸೇರಿಸುತ್ತದೆ.

ಫೈಲಿನಲ್ಲಿ ಇಂಥ ಚಿಹ್ನೆ ಒಂದೇ ಇದ್ದರೆ ಅದೃಷ್ಟ: ಕೊನೆಯಲ್ಲಿ 'ಅನ್‌ಟರ್ಮಿನೇಟೆಡ್ ಸಿಎಸ್‌ವಿ ಕೋಟೆಡ್ ಫೀಲ್ಡ್' ಎಂದು ದೋಷ ಬರುತ್ತದೆ. ಎರಡು ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ನೋಡಿ. ಸದಸ್ಯ ಸಂಖ್ಯೆ, ವಿವರ, ಮೊತ್ತ ಎಂಬ ಮೂರು ಕಾಲಂಗಳಿವೆ ಎಂದುಕೊಳ್ಳಿ. ಹತ್ತನೆಯ ಸಾಲಿನಲ್ಲಿ ಒಂದು 2" ಪೈಪು, ಅರವತ್ತನೆಯ ಸಾಲಿನಲ್ಲಿ ಇನ್ನೊಂದು. ಹತ್ತನೆಯ ಸಾಲಿನ ವಿವರದ ಕಾಲಂ ಅಲ್ಲಿಂದ ಅರವತ್ತನೆಯ ಸಾಲಿನ ವಿವರದವರೆಗೆ ಹಿಗ್ಗುತ್ತದೆ. ಆಮೇಲೆ ಬರುವ ಅಲ್ಪವಿರಾಮ, ಮೊತ್ತ ಎಲ್ಲವೂ ನಿಯಮದಂತೆಯೇ ಇವೆ. ಕಾಲಂ ಸಂಖ್ಯೆ ಮೂರೇ ಆಗಿರುವುದರಿಂದ ದೋಷ ಸಂದೇಶವಿಲ್ಲ. ಹತ್ತನೆಯ ಸಾಲಿನ ಸದಸ್ಯನ ಹೆಸರಿಗೆ ಅರವತ್ತನೆಯ ಸಾಲಿನ ಮೊತ್ತ ಬಿದ್ದಿದೆ, ಐವತ್ತು ಸಾಲುಗಳು ಕಾಣೆಯಾಗಿವೆ.

ಇದನ್ನು ಹಿಡಿಯುವ ಸರಳ ದಾರಿ ಎಣಿಕೆ. ಕೆಲಸ ಮುಗಿದಾಗ ಪೋಸ್ಟ್‌ಗ್ರೆಸ್ 'ಕಾಪಿ' ಎಂದು ಬರೆದು ಪಕ್ಕದಲ್ಲಿ ಸಾಲುಗಳ ಸಂಖ್ಯೆ ಕೊಡುತ್ತದೆ. ಮೊದಲೇ ಬರೆದಿಟ್ಟ ಎಣಿಕೆಯಿಂದ ಶೀರ್ಷಿಕೆಯ ಒಂದು ಸಾಲು ಕಳೆದರೆ ಎರಡೂ ಸಮನಾಗಬೇಕು. ಆಗದಿದ್ದರೆ ಯಾವುದಾದರೂ ಪಠ್ಯ ಕಾಲಂನಲ್ಲಿ ಹೊಸ ಸಾಲಿನ ಗುರುತು ಅಡಗಿದೆಯೇ ಎಂದು ಡೇಟಾಬೇಸಿನಲ್ಲೇ ಹುಡುಕಿ. ಎರಡು ಸಾಲಿಗೆ ಹರಡಿದ ವಿಳಾಸಗಳಂತೆ ನ್ಯಾಯವಾದ ಹೊಸ ಸಾಲುಗಳೂ ಇರಬಹುದು, ಆದರೆ ಅತಿ ಉದ್ದದ ಮೌಲ್ಯಗಳನ್ನು ಮೇಲೆ ತಂದು ನೋಡಿದರೆ ನುಂಗಿದ ಸಾಲುಗಳು ಕೂಡಲೇ ಕಾಣುತ್ತವೆ.

ಪರಿಹಾರ ಫೈಲನ್ನು ಬರೆದ ತಂತ್ರಾಂಶದ ಮೇಲೆ ನಿಂತಿದೆ. ಅದು ಉದ್ಧರಣ ಚಿಹ್ನೆಗಳನ್ನು ಸುತ್ತುವರಿಯಲು ಬಳಸಿಯೇ ಇಲ್ಲವಾದರೆ, 'ಕೋಟ್' ಆಯ್ಕೆಯಲ್ಲಿ ಫೈಲಿನಲ್ಲಿ ಎಲ್ಲೂ ಬಾರದ ಒಂದು ನಿಯಂತ್ರಣ ಅಕ್ಷರವನ್ನು ಕೊಡಿ. ಕೆಲವು ಕಡೆ ಬಳಸಿ ಕೆಲವು ಕಡೆ ಬಿಟ್ಟಿದ್ದರೆ ಟ್ಯಾಬ್ ಬೇರ್ಪಡಿಕೆಯೊಂದಿಗೆ ಮತ್ತೆ ತೆಗೆಸಿಕೊಳ್ಳುವುದೇ ಮೇಲು. ಟ್ಯಾಬ್ ಫೈಲನ್ನು ಪೋಸ್ಟ್‌ಗ್ರೆಸ್‌ನ 'ಟೆಕ್ಸ್ಟ್' ರೂಪದಲ್ಲಿ ಓದಿಸಿದರೆ ಬ್ಯಾಕ್‌ಸ್ಲ್ಯಾಶ್‌ಗೆ ವಿಶೇಷ ಅರ್ಥ ಬರುತ್ತದೆ ಎಂಬುದು ನೆನಪಿರಲಿ. ಸರ್ವೆ ನಂಬರನ್ನು ಓರೆಗೆರೆಯ ಬದಲು ಬ್ಯಾಕ್‌ಸ್ಲ್ಯಾಶ್ ಹಾಕಿ 12\3 ಎಂದು ಬರೆದಿದ್ದರೆ ಆ ಮೂರು ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರವಾಗಿ ಬದಲಾಗುತ್ತದೆ. ಸಿಎಸ್‌ವಿ ರೂಪದಲ್ಲಿ ಈ ತೊಂದರೆ ಇಲ್ಲ.

ಖಾಲಿ ಜಾಗ ಸೊನ್ನೆಯಾದಾಗ

ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುವ ಆಗುಂಬೆಯ ದಿನವಹಿ ಲೆಕ್ಕದಲ್ಲಿ ಜುಲೈ ತಿಂಗಳ ನಡುವೆ ಅಲ್ಲಲ್ಲಿ ಸೊನ್ನೆ ಕಂಡರೆ ಏನೆಂದು ತಿಳಿಯಬೇಕು? ಆ ದಿನ ಮಳೆ ಬರಲಿಲ್ಲ ಎಂದಲ್ಲದೆ, ಯಾರೂ ಮಾಪಕ ನೋಡಿ ಬರೆಯಲಿಲ್ಲ ಎಂದೂ ಇರಬಹುದು. ಫೈಲಿನಲ್ಲಿ ಅಲ್ಲಿ ಖಾಲಿ ಜಾಗವಿತ್ತು. 'ಲೋಡ್ ಡೇಟಾ ಲೋಕಲ್' ಖಾಲಿ ಮೌಲ್ಯವನ್ನು ಸಂಖ್ಯೆಯ ಕಾಲಂಗೆ ಹಾಕುವಾಗ ಸೊನ್ನೆ ಮಾಡಿ, ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. ಸರ್ವರ್ ಕಟ್ಟುನಿಟ್ಟಿನ ಮೋಡ್‌ನಲ್ಲಿದ್ದರೂ 'ಲೋಕಲ್' ಇದ್ದಾಗ ದೋಷಗಳು ಎಚ್ಚರಿಕೆಗಳ ಮಟ್ಟಕ್ಕೆ ಇಳಿಯುತ್ತವೆ. ಸಾಲನ್ನು ಗುರುತಿಸುವ ಒಂದೇ ಕೀ ಎರಡು ಬಾರಿ ಬಂದರೂ ಅದರ ಎರಡನೆಯ ಸಾಲನ್ನು ಬಿಟ್ಟು ಮುಂದುವರಿಯುತ್ತದೆ. ಆದ್ದರಿಂದ ಕೊನೆಯಲ್ಲಿ ಬರುವ 'ಸ್ಕಿಪ್ಡ್' ಮತ್ತು 'ವಾರ್ನಿಂಗ್ಸ್' ಸಂಖ್ಯೆಗಳು ಸೊನ್ನೆ ಇಲ್ಲದಿದ್ದರೆ ಕೆಲಸ ಮುಗಿದಿಲ್ಲ. 'ಶೋ ವಾರ್ನಿಂಗ್ಸ್' ಎಲ್ಲವನ್ನೂ ತೋರಿಸುವುದಿಲ್ಲ, 8.0 ರಲ್ಲಿ ಡೀಫಾಲ್ಟ್ ಮಿತಿ 1024. ಸರಿಯಾದ ದಾರಿಯೆಂದರೆ ಮಳೆಯ ಮೌಲ್ಯವನ್ನು ಮೊದಲು ಒಂದು ತಾತ್ಕಾಲಿಕ ಚರಕ್ಕೆ ಓದಿ, 'ನಲ್‌ಇಫ್' ಮೂಲಕ ಖಾಲಿಯನ್ನು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಮಾಡಿ ಕಾಲಂಗೆ ಕೊಡುವುದು.

ಪೋಸ್ಟ್‌ಗ್ರೆಸ್ ಸಿಎಸ್‌ವಿಯಲ್ಲಿ ಉದ್ಧರಣೆ ಇಲ್ಲದ ಖಾಲಿ ಜಾಗ ನಲ್ ಆಗುತ್ತದೆ, ಉದ್ಧರಣೆಯೊಳಗಿನ ಖಾಲಿ ಪಠ್ಯ ನಲ್ ಆಗುವುದಿಲ್ಲ, ಸಂಖ್ಯೆಯ ಕಾಲಂನಲ್ಲಿ ದೋಷ ಕೊಡುತ್ತದೆ. 'ಫೋರ್ಸ್ ನಲ್' ಆಯ್ಕೆ ಇರುವುದು ಅದಕ್ಕಾಗಿ.

ಮೊತ್ತಗಳಲ್ಲಿ 1,25,000 ಎಂದು ನಮ್ಮ ರೀತಿಯ ಅಲ್ಪವಿರಾಮಗಳಿದ್ದರೆ 'ಎಕ್ಸ್‌ಟ್ರಾ ಡೇಟಾ ಆಫ್ಟರ್ ಲಾಸ್ಟ್ ಎಕ್ಸ್‌ಪೆಕ್ಟೆಡ್ ಕಾಲಂ' ಬರುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದ ಮೊತ್ತವನ್ನು ಪೋಸ್ಟ್‌ಗ್ರೆಸ್ ಸಂಖ್ಯೆ ಎಂದು ಒಪ್ಪುವುದಿಲ್ಲ, 'ಟ್ರಾನ್ಸ್‌ಲೇಟ್' ಫಂಕ್ಷನ್ನಿನಿಂದ ಬದಲಿಸಬೇಕು. ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಸರ್ವರ್ ತಿಂಗಳು ಮೊದಲು ಎಂಬ ಕ್ರಮದಲ್ಲಿದ್ದರೆ 13/04/2019 ದೋಷ ಕೊಡುತ್ತದೆ, 03/04/2019 ಮೌನವಾಗಿ ಮಾರ್ಚ್ 4 ಆಗುತ್ತದೆ. ದೋಷ ಬಂದ ಸಾಲುಗಳನ್ನಷ್ಟೇ ತಿದ್ದಿ ಮುಂದುವರಿದರೆ ಏಪ್ರಿಲ್ 3ರ ವಹಿವಾಟು ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂರುತ್ತದೆ. 'ಟು ಡೇಟ್' ಫಂಕ್ಷನ್ನಿಗೆ ದಿನ, ತಿಂಗಳು, ವರ್ಷದ ಕ್ರಮವನ್ನು ಬರೆದುಕೊಟ್ಟು ಎಲ್ಲ ಸಾಲುಗಳನ್ನೂ ಒಂದೇ ನಿಯಮದಲ್ಲಿ ಬದಲಿಸಿ.

ಮೊದಲು ಎಲ್ಲವನ್ನೂ ಪಠ್ಯವಾಗಿಯೇ ತನ್ನಿ

ಮೇಲಿನ ತೊಂದರೆಗಳಲ್ಲಿ ಹೆಚ್ಚಿನವು ಒಂದು ಅಭ್ಯಾಸದಿಂದ ಹತೋಟಿಗೆ ಬರುತ್ತವೆ, ಇದನ್ನು ನಾನು ಬಲವಾಗಿ ಒತ್ತಿ ಹೇಳುತ್ತೇನೆ. ಫೈಲನ್ನು ನೇರವಾಗಿ ಅಂತಿಮ ಟೇಬಲಿಗೆ ತುಂಬಬೇಡಿ. ಎಲ್ಲ ಕಾಲಂಗಳೂ 'ಟೆಕ್ಸ್ಟ್' ಆಗಿರುವ ಒಂದು ತಾತ್ಕಾಲಿಕ ಟೇಬಲ್ ಮಾಡಿ ಅದಕ್ಕೆ ತುಂಬಿ. ಅಡಿಕೆಯನ್ನು ಅಂಗಳಕ್ಕೆ ಸುರಿದ ಮೇಲೆಯೇ ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸುವ ಹಾಗೆ, ಬಂದದ್ದು ಬಂದಂತೆ ಕಣ್ಣ ಮುಂದಿರುತ್ತದೆ. ಸಾಲು ಸಂಖ್ಯೆ ತಾನಾಗಿ ಏರುವ ಒಂದು ಹೆಚ್ಚುವರಿ ಕಾಲಂ, ಫೈಲಿನ ಹೆಸರಿಗೆ ಇನ್ನೊಂದು ಇರಲಿ. ಮುಂದೆ ಯಾವ ಸಂದೇಹ ಬಂದರೂ ಮೂಲ ಸಾಲಿಗೆ ಹಿಂತಿರುಗಬಹುದು. ಆಮೇಲೆ ಸಂಖ್ಯೆ ಆಗಬೇಕಾದದ್ದು ಸಂಖ್ಯೆಯ ರೂಪದಲ್ಲಿದೆಯೇ, ಅಡಿಕೆಯ ಬಗೆಯ ಕಾಲಂನಲ್ಲಿ ಎಷ್ಟು ಬಗೆಯ ಕಾಗುಣಿತಗಳಿವೆ ಎಂದು ಪ್ರಶ್ನೆಗಳನ್ನು ಕೇಳಿ, ತಪ್ಪಿದ ಸಾಲುಗಳನ್ನು ಬೇರೆ ಟೇಬಲಿಗೆ ಎತ್ತಿಟ್ಟು ಉಳಿದದ್ದನ್ನು ಮುಂದಕ್ಕೆ ಕಳಿಸಿ.

ಪೋಸ್ಟ್‌ಗ್ರೆಸ್ 17 ರಲ್ಲಿ 'ಆನ್ ಎರರ್ ಇಗ್ನೋರ್' ಎಂಬ ಆಯ್ಕೆ ಬಂದಿದೆ. ಅದು ರೂಪ ಬದಲಾವಣೆಯ ದೋಷವಿರುವ ಸಾಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಜನರ ಹಣದ ಲೆಕ್ಕಕ್ಕೆ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಬಿಟ್ಟ ಸಾಲೂ ಯಾರದೋ ಒಬ್ಬರದು.

ಕಣ್ಣಿಗೆ ಒಂದೇ, ಡೇಟಾಬೇಸಿಗೆ ಎರಡು

ಎರಡು ಟೇಬಲ್‌ಗಳನ್ನು ಊರಿನ ಹೆಸರಿನಿಂದ ಜೋಡಿಸಿದಾಗ ಕೆಲವು ಊರುಗಳು ಮಾತ್ರ ಹೊಂದುವುದಿಲ್ಲ, ತೆರೆದು ನೋಡಿದರೆ ಅಕ್ಷರ ಅಕ್ಷರವೂ ಒಂದೇ. ಕನ್ನಡದಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಊತ್ವಗಳ ಜೋಡಿಯಾಗಿಯೂ ಬರೆಯಬಹುದು. ದೀರ್ಘ ಈತ್ವ, ಏತ್ವ, ಐತ್ವ, ಓತ್ವಗಳಿಗೂ ಹೀಗೆಯೇ ಎರಡು ರೂಪಗಳಿವೆ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಶಿವಮೊಗ್ಗ, ಹೊಸನಗರ, ಸೊರಬ, ತೀರ್ಥಹಳ್ಳಿ ನಾಲ್ಕೂ ಈ ತೊಂದರೆಗೆ ಸಿಗುತ್ತವೆ. ಸಾಗರ, ಭದ್ರಾವತಿ, ಶಿಕಾರಿಪುರ ಸಿಗುವುದಿಲ್ಲ. ಹೊಂದದ ಊರುಗಳ ಪಟ್ಟಿಯಲ್ಲಿ ಮೊದಲ ನಾಲ್ಕೇ ಇದ್ದರೆ ರೋಗ ಗೊತ್ತಾಯಿತು. ಪೋಸ್ಟ್‌ಗ್ರೆಸ್ 13 ರಿಂದ 'ನಾರ್ಮಲೈಜ್' ಫಂಕ್ಷನ್ ಇದೆ, ಎರಡೂ ಕಡೆ ಅದನ್ನು ಹರಿಸಿ ಒಂದೇ ರೂಪಕ್ಕೆ ತನ್ನಿ.

ಇನ್ನೊಂದು ಕಾರಣ, ಒತ್ತಕ್ಷರ ಆಗದಂತೆ ಬಿಡಿಸಿ ತೋರಿಸಲು ನಾವು ಬಳಸುವ ಕಾಣದ ಸೇರುತಡೆ ಅಕ್ಷರ. 'ರಾಜ್‌ಕುಮಾರ್' ಎಂದು ಬರೆದಾಗ ನಡುವೆ ಅದು ಇರುತ್ತದೆ. ಕೆಲವರು ಹೆಸರಿನ ಕೊನೆಯಲ್ಲೂ ಅದನ್ನು ಒತ್ತಿಬಿಟ್ಟಿರುತ್ತಾರೆ. ತೋರಿಸುವ ಕಾಲಂನಲ್ಲಿ ಅದು ಇರಲಿ, ಹೋಲಿಸುವುದಕ್ಕೆ ಮಾತ್ರ ಅದನ್ನು ತೆಗೆದ ಇನ್ನೊಂದು ಕಾಲಂ ಇಟ್ಟುಕೊಳ್ಳಿ. ಇಂಗ್ಲಿಷ್ ಹೆಸರುಗಳ ಕಾಲಂ ಇದ್ದರೆ, 2014ರ ನವೆಂಬರ್ 1ರ ಮರುನಾಮಕರಣದ ಹಿಂದಿನ ದಾಖಲೆಗಳಲ್ಲಿ ಜಿಲ್ಲೆಯ ಹೆಸರು 'ಶಿಮೊಗ' ಎಂಬ ಕಾಗುಣಿತದಲ್ಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

'ವ್ಯಾಲ್ಯೂ ಟೂ ಲಾಂಗ್' ಎಂದು ಬಂದರೆ ಉದ್ದವನ್ನು ಯಂತ್ರ ಹೇಗೆ ಎಣಿಸುತ್ತದೆ ಎಂದು ನೋಡಿ. 'ತೀರ್ಥಹಳ್ಳಿ' ಓದುವವರಿಗೆ ನಾಲ್ಕು ಅಕ್ಷರ, ಪೋಸ್ಟ್‌ಗ್ರೆಸ್‌ಗೆ 10, ಬೈಟ್‌ಗಳಲ್ಲಿ 30. ಇಂಗ್ಲಿಷ್ ಹೆಸರುಗಳ ಅಂದಾಜಿನಲ್ಲಿ ಇಟ್ಟ ಕಾಲಂ ಅಗಲ ಕನ್ನಡಕ್ಕೆ ಸಾಲುವುದಿಲ್ಲ.

ನಿಧಾನ, ಮತ್ತು ಕರೆಂಟು

ಗಂಟೆಗಟ್ಟಲೆ ಹಿಡಿಯುತ್ತಿದ್ದರೆ ಸಾಲಿಗೊಂದು 'ಇನ್ಸರ್ಟ್' (ಸಾಲು ಸೇರಿಸುವ ಆಜ್ಞೆ), ಪ್ರತಿಯೊಂದಕ್ಕೂ ಒಂದು 'ಕಮಿಟ್' (ಬರೆದದ್ದನ್ನು ಖಾಯಂ ಮಾಡುವುದು) ನಡೆಯುತ್ತಿದೆಯೇ ಮೊದಲು ನೋಡಿ. ಪ್ರತಿ ಕಮಿಟ್ ಡಿಸ್ಕಿಗೆ ಬರೆದು ಮುಗಿಯುವವರೆಗೆ ಕಾಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ತಿರುಗುವುದು 120 ಸುತ್ತು. ಸೆಕೆಂಡಿಗೆ 100 ಸಾಲು ಎಂದು ಹಿಡಿದರೂ ಒಂದು ಕೋಟಿ ಸಾಲಿಗೆ 27 ಗಂಟೆಗಿಂತ ಹೆಚ್ಚು ಬೇಕು. 'ಕಾಪಿ' ಅಥವಾ 'ಲೋಡ್ ಡೇಟಾ' ಬಳಸಿ. ಅಂತಿಮ ಟೇಬಲಿನ ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಇಡುವ ಸೂಚಿಗಳನ್ನು) ತುಂಬಿದ ಮೇಲೆ ಕಟ್ಟಿ. ಮೈಎಸ್‌ಕ್ಯೂಎಲ್‌ನಲ್ಲಿ ಫಾರಿನ್ ಕೀ (ಇನ್ನೊಂದು ಟೇಬಲಿನ ಸಾಲನ್ನು ಸೂಚಿಸುವ ಕೊಂಡಿ) ಪರೀಕ್ಷೆಯನ್ನು ನಿಲ್ಲಿಸಿ ತುಂಬಿದರೆ, ಮತ್ತೆ ಚಾಲೂ ಮಾಡಿದಾಗ ಈಗಾಗಲೇ ಒಳಗಿರುವ ಸಾಲುಗಳನ್ನು ಅದು ಪರೀಕ್ಷಿಸುವುದಿಲ್ಲ; ಅನಾಥ ಸಾಲುಗಳನ್ನು ನೀವೇ ಹುಡುಕಬೇಕು. ಪೋಸ್ಟ್‌ಗ್ರೆಸ್ 14 ರಿಂದ 'ಪಿಜಿ ಸ್ಟಾಟ್ ಪ್ರೋಗ್ರೆಸ್ ಕಾಪಿ' ಎಂಬ ನೋಟದಲ್ಲಿ ಎಷ್ಟು ಬೈಟ್ ಮುಗಿದಿದೆ ಎಂದು ತಿಳಿಯುತ್ತದೆ, ನಿಂತಿದೆಯೋ ನಡೆಯುತ್ತಿದೆಯೋ ಎಂಬ ಆತಂಕ ಬೇಡ.

ವೇಗಕ್ಕಾಗಿ, ಬರೆದದ್ದು ಡಿಸ್ಕಿಗೆ ತಲುಪಿತೇ ಎಂದು ಖಚಿತಪಡಿಸುವ 'ಎಫ್‌ಸಿಂಕ್' ಅನ್ನು ನಿಲ್ಲಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಅದನ್ನು ಎಂದೂ ಮಾಡಬಾರದು. ಬರೆಯುವ ನಡುವೆ ವಿದ್ಯುತ್ ಹೋದರೆ ಇಡೀ ಡೇಟಾಬೇಸ್ ಕೆಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ, ಬದಲಾವಣೆಗಳ ಲಾಗ್ ಬರೆಯದ 'ಅನ್‌ಲಾಗ್ಡ್' ಟೇಬಲ್ ಬಳಸಬಹುದು, ತಾತ್ಕಾಲಿಕ ಟೇಬಲಿಗೆ ಮಾತ್ರ. ಯಂತ್ರ ಹಠಾತ್ತಾಗಿ ನಿಂತು ಮತ್ತೆ ಎದ್ದಾಗ ಅಂಥ ಟೇಬಲ್ ಖಾಲಿಯಾಗಿರುತ್ತದೆ. ಮೂಲ ಫೈಲು ಕೈಯಲ್ಲಿದ್ದರೆ ಮತ್ತೆ ತುಂಬಿದರಾಯಿತು.

'ಕಾಪಿ' ಒಂದೇ ವ್ಯವಹಾರವಾಗಿ (ಟ್ರಾನ್ಸಾಕ್ಷನ್) ನಡೆಯುವುದರಿಂದ ಕೊನೆಯ ಸಾಲಿನಲ್ಲಿ ತಪ್ಪಿದರೂ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ದೊಡ್ಡ ಫೈಲನ್ನು 'ಸ್ಪ್ಲಿಟ್' ಆಜ್ಞೆಯಿಂದ ಐದೈದು ಲಕ್ಷ ಸಾಲುಗಳ ತುಂಡು ಮಾಡಿ, ಪ್ರತಿ ತುಂಡು ತುಂಬಿದ ದಾಖಲೆಯನ್ನು ಅದೇ ವ್ಯವಹಾರದೊಳಗೆ ಒಂದು ಪಟ್ಟಿಗೆ ಬರೆಯಿರಿ. ಉದ್ಧರಣೆಯೊಳಗೆ ಹೊಸ ಸಾಲುಗಳಿರುವ ಫೈಲನ್ನು ಹೀಗೆ ಕತ್ತರಿಸಿದರೆ ದಾಖಲೆ ನಡುವೆ ತುಂಡಾಗಬಹುದು, ಮೊದಲೇ ನೋಡಿಕೊಳ್ಳಿ. ಸರ್ವರ್ ಬೇರೆ ಊರಿನಲ್ಲಿದ್ದು ಸಂಪರ್ಕ ಕಡಿಯುತ್ತಿದ್ದರೆ, ಫೈಲನ್ನು ಸಂಕುಚಿಸಿ, ನಿಂತಲ್ಲಿಂದ ಮುಂದುವರಿಯಬಲ್ಲ 'ಆರ್‌ಸಿಂಕ್' ಮೂಲಕ ಮೊದಲು ಅಲ್ಲಿಗೆ ತಲುಪಿಸಿ. ತುಂಬುವ ಕೆಲಸವನ್ನು ಆ ಯಂತ್ರದಲ್ಲೇ, ಸಂಪರ್ಕ ಕಡಿದರೂ ಕೆಲಸ ನಿಲ್ಲಗೊಡದ 'ಟಿಮಕ್ಸ್' ಒಳಗೆ ನಡೆಸಿ.

ಅರ್ಧಕ್ಕೆ ಕೈಬಿಟ್ಟ 'ಕಾಪಿ' ಬರೆದ ಸಾಲುಗಳು ಕಾಣದಿದ್ದರೂ ಡಿಸ್ಕಿನಲ್ಲಿ ಜಾಗ ಹಿಡಿದಿರುತ್ತವೆ. ಕೆಲವು ಸಲ ವಿಫಲವಾದ ಮೇಲೆ ಡಿಸ್ಕ್ ತುಂಬಿದೆ ಎಂಬ ದೋಷ ಬಂದರೆ ತಾತ್ಕಾಲಿಕ ಟೇಬಲನ್ನು 'ಟ್ರಂಕೇಟ್' ಮಾಡಿ (ಪೂರ್ತಿ ಖಾಲಿ ಮಾಡಿ) ಮತ್ತೆ ಶುರುಮಾಡಿ. ಎಲ್ಲ ಸರಿಯಾಗಿ ತುಂಬಿದ ಮೇಲೆ, ಟೇಬಲಿನ ಅಂಕಿಅಂಶ ಸಂಗ್ರಹಿಸುವ 'ಅನಲೈಜ್' ಓಡಿಸಿ, ಇಲ್ಲದಿದ್ದರೆ ಮೊದಲ ವರದಿಗಳೇ ಕುಂಟುತ್ತವೆ.

ಸಾಲುಗಳ ಎಣಿಕೆ ಹೊಂದಿದ ಮೇಲೆ ಮೊತ್ತಗಳನ್ನೂ ಹೊಂದಿಸಿ. ಆರ್ಥಿಕ ವರ್ಷವಾರು ಒಟ್ಟು ಕ್ವಿಂಟಾಲ್ ಮತ್ತು ಒಟ್ಟು ಹಣವನ್ನು ಡೇಟಾಬೇಸಿನಿಂದ ತೆಗೆದು, ಸಂಘ ಸದಸ್ಯರಿಗೆ ಹಂಚಿದ ಅಚ್ಚಾದ ವಾರ್ಷಿಕ ವರದಿಯ ಅಂಕಿಗಳ ಪಕ್ಕದಲ್ಲಿಡಿ. ಯಾವ ವರ್ಷ ವ್ಯತ್ಯಾಸ ಬಂದಿದೆಯೋ ಆ ವರ್ಷದ ದಿನಾಂಕಗಳಿಂದ ಹುಡುಕಾಟ ಆರಂಭಿಸಿ. ಮೂಲ ಫೈಲನ್ನೂ ಅದರ ಚೆಕ್‌ಸಮ್ಮನ್ನೂ (ಫೈಲು ಬದಲಾಗಿದೆಯೇ ಎಂದು ತಿಳಿಸುವ ಸಂಕೇತ) ಬದಲಿಸಲಾಗದಂತೆ ಓದುವುದಕ್ಕೆ ಮಾತ್ರ ಎಂದು ಗುರುತಿಸಿಡಿ. ಪಠ್ಯದ ತಾತ್ಕಾಲಿಕ ಟೇಬಲನ್ನು 'ಲಾಗ್ಡ್' ಆಗಿ ಬದಲಿಸಿ, ಆ ವರ್ಷದ ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಅಳಿಸದೆ ಇಟ್ಟುಕೊಳ್ಳಿ.